ಟನ್ ಕಸಕ್ಕೊಂದು ಬೆಂಗಳೂರು ಬಸ್ಸು: ದುಡಿಯೋದು ಕ್ರಿಮಿ, ಕೆಡಿಸೋದು ಮನುಷ್ಯ

ಅಂತರಸನಹಳ್ಳಿ ಮಾರುಕಟ್ಟೆಯಲ್ಲಿ ಬೆಳಗಿನ ವ್ಯಾಪಾರ ಮುಗಿದ ಮೇಲೆ ನೆಲದ ಮೇಲೆ ಉಳಿಯೋದೇನು? ಕೋಸಿನ ಹೊರ ಎಲೆ, ಒಡೆದ ಟೊಮೇಟೊ, ಬಾಡಿದ ಸೊಪ್ಪು, ಬಾಳೆಗೊನೆಯ ದಿಂಡು. ಹೋಟೆಲಿನ ಹಿಂಬಾಗಿಲಲ್ಲಿ ಮಧ್ಯಾಹ್ನ ಮೂರು ಗಂಟೆಗೆ ಉಳಿಯೋದೇನು? ಎಂಜಲೆಲೆ, ಮಿಕ್ಕ ಅನ್ನ, ತಳದ ಸಾರು. ಛತ್ರದಲ್ಲಿ ಮದುವೆ ಮುಗಿದರಂತೂ ಕೇಳೋದೇ ಬೇಡ. ಇದಕ್ಕೆಲ್ಲ ತುಮಕೂರಿನ ಮಹಾಜನತೆ ಇಟ್ಟಿರುವ ಹೆಸರು ಒಂದೇ: ಕಸ. ಕಸ ಆಟೋ ಹತ್ತಿದ ಕೂಡಲೇ ಊರಿನವರು ಕೈ ತೊಳೆದುಕೊಳ್ಳುತ್ತಾರೆ. ಅದು ಅಜ್ಜಗೊಂಡನಹಳ್ಳಿ ಘಟಕದ ದಾರಿ ಹಿಡಿಯುತ್ತದೆ. ಆ ಮೇಲೆ ಅದರ ಗತಿ ಏನಾಯಿತು ಅಂತ ಕೇಳುವವರು ಯಾರೂ ಇಲ್ಲ.

ಇದೇ ಜಾತಿಯ ಕಸದಿಂದ ಇಂದೋರಿನವರು ಬಸ್ಸು ಓಡಿಸುತ್ತಾರೆ ಅಂದರೆ ಕೆಲವರು ನಗಬಹುದು. ಸಂಗತಿ ಮಾತ್ರ ನಿಜ. ಮಧ್ಯಪ್ರದೇಶದ ಆ ನಗರದಲ್ಲಿ 2022ರ ಫೆಬ್ರವರಿ 19ರಂದು ಪ್ರಧಾನಿ ನರೇಂದ್ರ ಮೋದಿ ಉದ್ಘಾಟಿಸಿದ ಘಟಕ ದಿನಕ್ಕೆ 550 ಟನ್ ಹಸಿ ಕಸ ಅರಗಿಸುವ ಸಾಮರ್ಥ್ಯದ್ದು. ಅದರಿಂದ ದಿನಕ್ಕೆ ಸುಮಾರು 17,000 ಕಿಲೋ ಅನಿಲ, 100 ಟನ್ ಗೊಬ್ಬರ ಸಿಗಬೇಕು ಎಂಬುದು ಉದ್ಘಾಟನೆಯ ಕಾಲಕ್ಕೆ ಕೊಟ್ಟ ಲೆಕ್ಕ. ಅನಿಲದಲ್ಲಿ ಒಂದು ಪಾಲು ನಗರ ಸಾರಿಗೆ ಬಸ್ಸುಗಳಿಗೆ.

ಲೆಕ್ಕವನ್ನು ಅಂಗಡಿಯವರ ಭಾಷೆಯಲ್ಲೇ ಹಾಕಿ ನೋಡಬಹುದು. ಹದಿನೇಳು ಸಾವಿರವನ್ನು ಐನೂರ ಐವತ್ತರಿಂದ ಭಾಗಿಸಿದರೆ ಟನ್ನಿಗೆ ಹತ್ತಿರ ಹತ್ತಿರ 31 ಕಿಲೋ ಅನಿಲ. ಕಿಲೋ ಅನಿಲಕ್ಕೆ ದೊಡ್ಡ ಬಸ್ಸು 3ರಿಂದ 4 ಕಿಲೋಮೀಟರು ಓಡುತ್ತದೆ ಅಂತ ಹಿಡಿದರೆ, ಒಂದು ಟನ್ ಹಸಿ ಕಸಕ್ಕೆ ನೂರು ಕಿಲೋಮೀಟರಿನ ಆಸುಪಾಸು. ತುಮಕೂರಿನಿಂದ ಬೆಂಗಳೂರಿಗೆ 70 ಕಿಲೋಮೀಟರು. ಅಂದರೆ ಒಂದು ಟನ್ ಕೊಳೆತ ತರಕಾರಿ, ಎಂಜಲು ಸೇರಿ ಒಂದು ಬಸ್ಸನ್ನು ಮೆಜೆಸ್ಟಿಕ್ಕಿಗೆ ಮುಟ್ಟಿಸಿ, ವಾಪಸು ಬರುವಾಗ ನೆಲಮಂಗಲದ ತನಕವೋ ದಾಬಸ್‌ಪೇಟೆಯ ತನಕವೋ ಎಳೆದು ತರಬಲ್ಲದು.

ಇದರಿಂದ ಊರಿನ ಎಲ್ಲ ಬಸ್ಸೂ ಓಡುತ್ತವೆ, ಟಿಕೆಟ್ ದರ ಇಳಿಯುತ್ತದೆ ಅಂತ ಯಾರಾದರೂ ಭಾಷಣ ಬಿಗಿದರೆ ನಂಬಬಾರದು. ಆದರೆ ದುಡ್ಡು ಕೊಟ್ಟು ಹೊರಗೆ ಸಾಗಿಸುವ ಪದಾರ್ಥದಲ್ಲಿ ದುಡ್ಡು ಕೊಟ್ಟು ಕೊಳ್ಳುವ ಪದಾರ್ಥ ಅಡಗಿದೆ ಅನ್ನೋದು ಸುಳ್ಳಲ್ಲ. ಹಾಗಾದರೆ ಊರೂರಿನಲ್ಲಿ ಇದು ಯಾಕೆ ನಡೆಯುತ್ತಿಲ್ಲ? ಯಂತ್ರ ಇಲ್ಲದ್ದಕ್ಕಲ್ಲ, ವಿದ್ಯೆ ಇಲ್ಲದ್ದಕ್ಕೂ ಅಲ್ಲ. ಕಾರಣ ತಿಳಿಯಬೇಕಾದರೆ ಮೊದಲು ಹಂಡೆಯೊಳಗೆ ದುಡಿಯುವವರು ಯಾರು ಅಂತ ನೋಡಬೇಕು.

ಹಂಡೆಯೊಳಗೆ ನಾಲ್ಕು ಪಾಳಿ

ಕಸದಿಂದ ಅನಿಲ ತೆಗೆಯೋದು ಗಾಳಿ ಆಡದ ಮುಚ್ಚಿದ ಹಂಡೆಯಲ್ಲಿ. ಅಲ್ಲಿ ಕೂಲಿ ಇಲ್ಲದೆ, ರಜೆ ಇಲ್ಲದೆ ಕೋಟ್ಯಂತರ ಸೂಕ್ಷ್ಮಜೀವಿಗಳು ಪಾಳಿಯ ಮೇಲೆ ಕೆಲಸ ಮಾಡುತ್ತವೆ.

ಮೊದಲ ಪಾಳಿ ಕತ್ತರಿಸುವವರದು. ಅನ್ನ, ಎಲೆ, ಎಣ್ಣೆ ಇವು ಕ್ರಿಮಿಯ ಬಾಯಿಗೆ ಹಿಡಿಸದಷ್ಟು ದೊಡ್ಡ ಕಣಗಳು. ಅದಕ್ಕೇ ಬ್ಯಾಕ್ಟೀರಿಯಾಗಳು ತಮ್ಮ ಮೈಯಿಂದ ಕಿಣ್ವಗಳನ್ನು, ಅಂದರೆ ಎನ್‌ಜೈಮುಗಳನ್ನು, ಹೊರಕ್ಕೆ ಬಿಡುತ್ತವೆ. ಕಿಣ್ವಕ್ಕೆ ಜೀವವಿಲ್ಲ, ಅದು ಜೀವಿ ತಯಾರಿಸುವ ಕತ್ತರಿ. ಬರಿ ಅನ್ನವನ್ನು ಬಾಯಲ್ಲಿಟ್ಟು ನಿಧಾನವಾಗಿ ಅಗಿಯುತ್ತಾ ಹೋದರೆ ಸಿಹಿ ಹತ್ತುತ್ತದೆಯಲ್ಲ, ಅದು ಎಂಜಲಿನಲ್ಲಿರುವ ಕಿಣ್ವದ ಕೆಲಸ. ಪಿಷ್ಟವನ್ನು ಕತ್ತರಿಸಿ ಸಕ್ಕರೆ ಮಾಡುತ್ತದೆ. ಹಂಡೆಯಲ್ಲಿ ನಡೆಯೋದೂ ಅದೇ. ಪಿಷ್ಟಕ್ಕೊಂದು ಕತ್ತರಿ, ಕೊಬ್ಬಿಗೊಂದು, ನಾರಿಗೊಂದು.

ಎರಡನೇ ಪಾಳಿಯವರು ಆ ಸಕ್ಕರೆಯನ್ನು ತಿಂದು ಹುಳಿ, ಅಂದರೆ ಆಮ್ಲ, ಮಾಡುತ್ತಾರೆ. ಮೂರನೇ ಪಾಳಿಯವರು ಆ ಆಮ್ಲಗಳನ್ನು ಇನ್ನೂ ಸರಳ ಮಾಡಿ ಅಸಿಟಿಕ್ ಆಮ್ಲ, ಜಲಜನಕ ಕೊಡುತ್ತಾರೆ. ಕೊನೆಯ ಪಾಳಿಯವರು ಅದನ್ನು ತಿಂದು ಮೀಥೇನ್ ಅನಿಲ ಬಿಡುತ್ತಾರೆ. ಈ ಕೊನೆಯವರು ಲೆಕ್ಕಕ್ಕೆ ಬ್ಯಾಕ್ಟೀರಿಯಾಗಳೂ ಅಲ್ಲ. ಅಮೆರಿಕದ ಕಾರ್ಲ್ ವೋಸ್ ಎಂಬ ವಿಜ್ಞಾನಿ ಮತ್ತು ಅವರ ಸಂಗಡಿಗರು 1977ರಲ್ಲಿ ಇವರದು ಬೇರೆಯೇ ಕುಲ ಅಂತ ತೋರಿಸಿದರು. ಈಗ ಆರ್ಕಿಯಾ ಎನ್ನುತ್ತಾರೆ. ಹಸುವಿನ ಹೊಟ್ಟೆಯಲ್ಲೂ ಇವರದೇ ವಾಸ. ಹೊಸ ಹಂಡೆಗೆ ಮೊದಲು ಸಗಣಿ ಹಾಕೋದು ಅದಕ್ಕೇ. ಮೊಸರಿಗೆ ಹೆಪ್ಪು ಹೇಗೋ, ಹಂಡೆಗೆ ಸಗಣಿ ಹಾಗೆ.

ತೊಡಕು ಇರುವುದು ಇಲ್ಲಿಯೇ. ಹುಳಿ ಮಾಡುವವರು ಚುರುಕು, ಅನಿಲ ಮಾಡುವವರು ಬಲು ನಿಧಾನ. ಮದುವೆ ಊಟದ ಮಿಕ್ಕದ್ದನ್ನೆಲ್ಲ ಒಂದೇ ದಿನ ಸುರಿದರೆ ಎರಡನೇ ಪಾಳಿಯವರು ರಾತ್ರೋರಾತ್ರಿ ಹುಳಿ ಎಬ್ಬಿಸುತ್ತಾರೆ, ಕೊನೆಯ ಪಾಳಿಯವರು ಆ ಹುಳಿಯಲ್ಲೇ ಮುಳುಗುತ್ತಾರೆ. ಕ್ಯಾತ್ಸಂದ್ರದಲ್ಲಿ ತಟ್ಟೆ ಇಡ್ಲಿ ಮಾಡುವವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಹಿಟ್ಟು ಹದವಾಗಿ ಉಬ್ಬಿದರೆ ಇಡ್ಲಿ, ಹದ ಮೀರಿದರೆ ತಿಪ್ಪೆಗೆ. ಹಿಟ್ಟು ಕೆಟ್ಟರೆ ನಾಳೆ ಬೇರೆ ರುಬ್ಬಬಹುದು. ಹಂಡೆ ಕೆಟ್ಟರೆ ಮತ್ತೆ ಹದಕ್ಕೆ ಬರಲು ವಾರಗಟ್ಟಲೆ ಬೇಕು.

ಇನ್ನು ಫಿನಾಯಿಲು, ಬಟ್ಟೆ ಸೋಪಿನ ನೀರು, ಔಷಧದ ಬಾಟಲಿ ಇವು ಕ್ರಿಮಿಗೆ ವಿಷ. ಪ್ಲಾಸ್ಟಿಕ್ ಕವರನ್ನು ಯಾವ ಪಾಳಿಯವರೂ ಮುಟ್ಟೋದಿಲ್ಲ. ಅದು ಕೊಳವೆಯಲ್ಲಿ ಸಿಕ್ಕಿಕೊಳ್ಳುತ್ತದೆ, ಪಂಪನ್ನು ಕಟ್ಟಿಹಾಕುತ್ತದೆ. ಇಷ್ಟು ತಿಳಿದರೆ ಸಾಕು, ಮುಂದಿನ ಕತೆಯೆಲ್ಲ ಅರ್ಥವಾಗುತ್ತದೆ.

ಕುಣಿಗಲ್ ತಾಲೂಕು ಕಲಿಸಿದ ಪಾಠ

ಈ ವಿದ್ಯೆಗೆ ತುಮಕೂರು ಜಿಲ್ಲೆ ಹೊಸದಲ್ಲ. ಇಂದೋರು ಕಣ್ಣು ಬಿಡುವ ಎಷ್ಟೋ ವರ್ಷ ಮೊದಲೇ ಈ ಜಿಲ್ಲೆಯ ಒಂದು ಸಣ್ಣ ಹಳ್ಳಿ ದೇಶದ ವಿಜ್ಞಾನಿಗಳ ಬಾಯಲ್ಲಿ ಓಡಾಡಿತ್ತು. ಅದು ಕುಣಿಗಲ್ ತಾಲೂಕಿನ ಪುರ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಪ್ರೊ. ಅಮೂಲ್ಯ ರೆಡ್ಡಿ ಅವರ ಮುಂದಾಳುತನದಲ್ಲಿ 1974ರಲ್ಲಿ ಹುಟ್ಟಿದ ‘ಅಸ್ತ್ರ’ ಕೇಂದ್ರ ಗ್ರಾಮಾಂತರಕ್ಕೆ ಹೊಂದುವ ತಂತ್ರಜ್ಞಾನ ಹುಡುಕಲು ಆರಿಸಿಕೊಂಡದ್ದು ಇದೇ ತಾಲೂಕನ್ನು. ಉಂಗ್ರದಲ್ಲಿ ಅದರ ವಿಸ್ತರಣಾ ಕೇಂದ್ರ.

ಪುರದಲ್ಲಿ ಊರಿಗೆಲ್ಲ ಸೇರಿದ ಗೋಬರ್ ಗ್ಯಾಸ್ ಘಟಕ ಕಟ್ಟಿದಾಗ ಮೊದಲಿದ್ದ ಯೋಚನೆ ಅಡುಗೆಗೆ ಅನಿಲ ಕೊಡೋದು. ಆದರೆ ಊರಿನ ದನಗಳ ಸಗಣಿ ಎಲ್ಲ ಮನೆಯ ಒಲೆಗೂ ಸಾಲದು ಅನ್ನೋದು ಲೆಕ್ಕಕ್ಕೆ ಬಂತು. ಊರಿಗೆ ತುರ್ತಾಗಿ ಬೇಕಾಗಿದ್ದದ್ದು ಕುಡಿಯುವ ನೀರು. ಕಡೆಗೆ 1987ರ ಸೆಪ್ಟೆಂಬರಿನಿಂದ ಅದೇ ಅನಿಲಕ್ಕೆ ಸ್ವಲ್ಪ ಡೀಸೆಲ್ ಸೇರಿಸಿ ಎಂಜಿನ್ ಓಡಿಸಿ, ವಿದ್ಯುತ್ ತೆಗೆದು, ಕೊಳವೆ ಬಾವಿಯ ನೀರನ್ನು ನಲ್ಲಿಗೆ ತಂದರು. ಸಂಜೆ ಮನೆಗಳಲ್ಲಿ ಟ್ಯೂಬ್‌ಲೈಟ್ ಹತ್ತಿಸಿದರು.

ಪುರದ ನಿಜವಾದ ಜಾಣತನ ಹಂಡೆಯಲ್ಲಿರಲಿಲ್ಲ, ತಕ್ಕಡಿಯಲ್ಲಿತ್ತು. ಸಗಣಿ ತಂದವರದನ್ನು ತೂಗುತ್ತಿದ್ದರು. ಹೊತ್ತು ತಂದ ಕೂಲಿಗೆ ಕಿಲೋಗೆ 2 ಪೈಸೆ. ಅನಿಲ ತೆಗೆದ ಮೇಲೆ ಉಳಿಯುವ ಬಗ್ಗಡವನ್ನು ಮರಳಿನ ಹಾಸಿನಲ್ಲಿ ಸೋಸಿ, ಯಾರು ಎಷ್ಟು ಸಗಣಿ ಕೊಟ್ಟಿದ್ದರೋ ಆ ಲೆಕ್ಕದಂತೆ ಗೊಬ್ಬರ ವಾಪಸು. ಸಗಣಿ ಕೊಟ್ಟವನು ಗೊಬ್ಬರ ಕಳೆದುಕೊಳ್ಳಲಿಲ್ಲ, ಹೊತ್ತು ತಂದವರು ಪುಕ್ಕಟೆ ದುಡಿಯಲಿಲ್ಲ, ನೀರು ದೀಪ ಪಡೆದ ಮನೆಯವರು ತಿಂಗಳು ತಿಂಗಳು ಹಣ ಕೊಟ್ಟರು. ಊರಿನ ಹುಡುಗರೇ ಎಂಜಿನ್ ನಡೆಸಿದರು.

ಆ ವ್ಯವಸ್ಥೆ ವರ್ಷಗಟ್ಟಲೆ ನಡೆಯಿತು, ಆಮೇಲೆ ನಿಂತಿತು. ನಿಂತದ್ದನ್ನು ಕಂಡು ‘ಎಲ್ಲ ಇಷ್ಟೇ ಸ್ವಾಮಿ’ ಅಂತ ಮೂಗು ಮುರಿಯುವವರಿದ್ದಾರೆ. ಆದರೆ ದೇಶದಲ್ಲಿ ಸರ್ಕಾರದ ಸಹಾಯಧನಕ್ಕೆ ಅಂತ ಕಟ್ಟಿಸಿ, ಫೋಟೋ ತೆಗೆಸಿ, ಸಗಣಿಯ ಬದಲು ಮಳೆ ನೀರು ತುಂಬಿಕೊಂಡ ಗೋಬರ್ ಗ್ಯಾಸ್ ಗುಂಡಿಗಳ ಜೊತೆ ಹೋಲಿಸಿದರೆ ಪುರದ ಸಾಧನೆ ಸಣ್ಣದೇನಲ್ಲ. ಲೆಕ್ಕ ಸರಿ ಇದ್ದ ತನಕ ಹಂಡೆ ಉರಿಯಿತು. ಅಷ್ಟು ತಿಳಿದರೆ ಸಾಕು.

ಪುರ ಕಲಿಸಿದ್ದು ಸಗಣಿಯ ಪಾಠ. ಮಾರುಕಟ್ಟೆ ಕಸದ ಪಾಠ ಸ್ವಲ್ಪ ಬೇರೆ. ಸಗಣಿ ನೀರಿನಲ್ಲಿ ಕದಡಿ ಒಂದಾಗುತ್ತದೆ. ಸೊಪ್ಪು ಎಲೆ ತೇಲುತ್ತದೆ, ಮೇಲೆ ಕೆನೆ ಕಟ್ಟಿದ ಹಾಗೆ ಕಟ್ಟಿ ಅನಿಲದ ದಾರಿ ಮುಚ್ಚುತ್ತದೆ. ಸಗಣಿಗೆ ಕಟ್ಟಿದ ಹಂಡೆಗೆ ಕೋಸಿನ ಎಲೆ ತುಂಬಿ, ಅನಿಲ ಬರಲಿಲ್ಲ ಅಂತ ದೂರಿದರೆ ತಪ್ಪು ಕ್ರಿಮಿಯದಲ್ಲ. ಎಲೆ ಸೊಪ್ಪಿಗೆ ಬೇರೆ ನಮೂನೆಯ ಹಂಡೆ ಬೇಕು ಅಂತ ವಿಜ್ಞಾನ ಸಂಸ್ಥೆಯವರು ಆ ದಾರಿಯಲ್ಲೂ ಕೆಲಸ ಮಾಡಿದ್ದಾರೆ. ಕೊಳ್ಳುವ ಮೊದಲು ಇದನ್ನು ಕೇಳಬೇಕಾದವರು ಪಾಲಿಕೆಯವರು.

ಬೆಂಗಳೂರು ಕಲಿಯದ ಪಾಠ

ಹೆದ್ದಾರಿ ಹಿಡಿದು ಎಪ್ಪತ್ತು ಕಿಲೋಮೀಟರು ಹೋದರೆ ಇನ್ನೊಂದು ಮುಖ ಕಾಣುತ್ತದೆ. ಬೆಂಗಳೂರಿನಲ್ಲಿ ದಿನಕ್ಕೆ 5 ಟನ್ ಹಸಿ ಕಸ ಅರಗಿಸಬಲ್ಲ ಅನಿಲ ಘಟಕಗಳು ಹಲವು ಕಡೆ ಎದ್ದವು. ಅವುಗಳಲ್ಲಿ ಹಲವು ಕುಂಟಿದವು, ಕೆಲವು ಬಾಗಿಲು ಹಾಕಿದವು. ಬರಬೇಕಾದ ಹಸಿ ಕಸದ ಜೊತೆ ಕವರು, ಗಾಜು, ಬಟ್ಟೆ ಬಂತು. ಸುತ್ತಲಿನ ನಿವಾಸಿಗಳಿಗೆ ಗಬ್ಬುನಾತ. ನಿರ್ವಹಣೆಗೆ ಹಣ, ಆಳು ಎರಡೂ ಸಾಲದು. ಇದೇ ನಗರದ ಕಸ ಹೊತ್ತು ಹೊತ್ತು ಸಾಕಾಗಿ ಮಂಡೂರಿನ ಜನ ಬೀದಿಗಿಳಿದರು. 2014ರ ಕೊನೆಗೆ ಅಲ್ಲಿಗೆ ಕಸದ ಲಾರಿ ನಿಂತಿತು. ನಿಂತ ಲಾರಿ ಇನ್ನೊಂದು ಊರಿನ ದಾರಿ ಹುಡುಕಿತು, ಅಷ್ಟೇ.

ಇಂದೋರಿನವರು ಮಾಡಿದ ಕೆಲಸದಲ್ಲಿ ಮಾಯ ಮಂತ್ರ ಇಲ್ಲ. ಘಟಕ ಕಟ್ಟುವ ಮೊದಲೇ, ವರ್ಷಗಟ್ಟಲೆ ಮುಂಚಿತವಾಗಿ, ಮನೆ ಮನೆಯಿಂದ ಬೇರ್ಪಡಿಸಿದ ಕಸ ತೆಗೆದುಕೊಳ್ಳುವುದನ್ನು ಅಭ್ಯಾಸ ಮಾಡಿಸಿದರು. ಬೀದಿ ತೊಟ್ಟಿಗಳನ್ನು ಕಿತ್ತರು. ಗಾಡಿಯಲ್ಲೇ ಹಸಿಗೊಂದು ಅರೆ, ಒಣದಕ್ಕೊಂದು ಅರೆ. ಆಮೇಲೆ ಹಂಡೆ. ಇತರ ಊರುಗಳಲ್ಲಿ ಮೊದಲು ಹಂಡೆ, ಆಮೇಲೆ ಉದ್ಘಾಟನೆ, ಆಮೇಲೆ ಬೇರ್ಪಡಿಸುವ ಮಾತು. ಮದುವೆಗೆ ಮುಂಚೆ ನಾಮಕರಣ ಮಾಡಿದ ಹಾಗೆ.

ದಿಲ್ಲಿಯ ಲೆಕ್ಕವೂ ಇದೇ ಕತೆ ಹೇಳುತ್ತದೆ. ಸಗಣಿ, ಕಸ, ಹುಲ್ಲುಗಳಿಂದ ಅನಿಲ ತೆಗೆಯುವ ಯೋಜನೆಯನ್ನು ಕೇಂದ್ರ ಸರ್ಕಾರ 2018ರಲ್ಲಿ ಆರಂಭಿಸಿದಾಗ 2023ರ ಹೊತ್ತಿಗೆ 5,000 ಘಟಕ ಎಂಬ ಗುರಿ ಇತ್ತು. ಅದರ ಹತ್ತಿರಕ್ಕೂ ಬರಲಾಗಲಿಲ್ಲ. ಮುಂದೆ ನಗರಗಳಿಗೆ ಅನಿಲ ಮಾರುವ ಕಂಪನಿಗಳು ತಮ್ಮ ಅನಿಲದಲ್ಲಿ ಇಂತಿಷ್ಟು ಪಾಲು ಜೈವಿಕ ಅನಿಲ ಬೆರೆಸಲೇಬೇಕು, 2025-26ರಲ್ಲಿ ಶೇಕಡಾ 1ರಿಂದ ಶುರುಮಾಡಿ 2028-29ಕ್ಕೆ ಶೇಕಡಾ 5ಕ್ಕೆ ಏರಿಸಬೇಕು ಅಂತ 2023ರಲ್ಲಿ ತೀರ್ಮಾನವಾಯಿತು. ಅಂದರೆ ಮಾಲಿಗೆ ಗಿರಾಕಿ ಸಿದ್ಧ. ಕೊರತೆ ಇರುವುದು ಶುದ್ಧ ಕಚ್ಚಾ ಮಾಲಿನದು.

ಟ್ಯಾಂಕಿನಲ್ಲಿ ಆಗಲೇ ಇದೆ

ಕ್ರಿಮಿ ಮಾಡಿದ ಇಂಧನ ಅಂದರೆ ಇನ್ನೂ ಬರಬೇಕಾದದ್ದು ಅಂತ ತಿಳಿದವರು ತಮ್ಮ ಸ್ಕೂಟರಿನ ಟ್ಯಾಂಕ್ ಮುಚ್ಚಳ ತೆಗೆದು ನೋಡಬಹುದು. ಪೆಟ್ರೋಲಿನಲ್ಲಿ ಶೇಕಡಾ 20ರಷ್ಟು ಎಥನಾಲ್ ಬೆರೆಸುವ ಮಟ್ಟವನ್ನು ದೇಶ 2025ರಲ್ಲಿ ಮುಟ್ಟಿತು. ಆ ಎಥನಾಲ್ ಯೀಸ್ಟ್ ಎಂಬ ಸೂಕ್ಷ್ಮಜೀವಿ ಕಬ್ಬಿನ ಸಕ್ಕರೆ ತಿಂದು ಬಿಟ್ಟದ್ದು. ಜೋಳ, ಅಕ್ಕಿಯಿಂದಾದರೆ ಮೊದಲು ಕಿಣ್ವ ಹಾಕಿ ಪಿಷ್ಟವನ್ನು ಸಕ್ಕರೆ ಮಾಡಬೇಕು. ಮೈಲೇಜು ಇಳಿಯಿತು ಅಂತ ಗೊಣಗುವವರ ಮಾತಿನಲ್ಲೂ ಅರ್ಥವಿದೆ; ಎಥನಾಲಿನ ಲೀಟರಿಗೆ ಪೆಟ್ರೋಲಿನ ಲೀಟರಿನಷ್ಟು ಶಕ್ತಿ ಇಲ್ಲ.

ಅಲ್ಲಿ ಇನ್ನೊಂದು ಜಗಳ ಇದೆ. ಕಬ್ಬಿಗೆ ನೀರು ಬೇಕು, ಮೆಕ್ಕೆಜೋಳಕ್ಕೆ ಹೊಲ ಬೇಕು. ಕೋಳಿಗೆ ಹಾಕುವ ಜೋಳ ಗಾಡಿಗೆ ಹೋದರೆ ಮೊಟ್ಟೆಯ ಬೆಲೆ ಕೇಳುವಂತಿಲ್ಲ. ಅದಕ್ಕೇ ತಿನ್ನದ ಹುಲ್ಲಿನಿಂದ ಎಥನಾಲ್ ತೆಗೆಯುವ ಕಾರ್ಖಾನೆಯೊಂದು ಹರಿಯಾಣದ ಪಾಣಿಪತ್ತಿನಲ್ಲಿ 2022ರ ಆಗಸ್ಟಿನಲ್ಲಿ ಉದ್ಘಾಟನೆಯಾಯಿತು. 900 ಕೋಟಿ ರೂಪಾಯಿಗೂ ಮೇಲೆ ಖರ್ಚು. ವರ್ಷಕ್ಕೆ 2 ಲಕ್ಷ ಟನ್ ಭತ್ತದ ಹುಲ್ಲಿನಿಂದ ಸುಮಾರು 3 ಕೋಟಿ ಲೀಟರ್ ಎಥನಾಲ್ ಎಂಬ ಗುರಿ. ಹುಲ್ಲಿನ ನಾರು ಬಲು ಗಟ್ಟಿ. ಅದನ್ನು ಕತ್ತರಿಸುವ ಕಿಣ್ವ ದುಬಾರಿ. ಆ ದಾರಿ ಕೋಟ್ಯಧೀಶ ಕಂಪನಿಗಳದು, ಜಿಲ್ಲಾ ಕೇಂದ್ರಗಳ ಪಾಲಿಕೆಗಳದಲ್ಲ.

ಹಸಿ ಕಸದ ವಿಚಾರ ಹಾಗಲ್ಲ. ಅದಕ್ಕೆ ಹೊಲ ಬೇಡ, ನಾಲೆ ನೀರು ಬೇಡ, ದುಬಾರಿ ಕಿಣ್ವವೂ ಬೇಡ. ಹಂಡೆಯ ಕ್ರಿಮಿಗಳು ತಮ್ಮ ಕತ್ತರಿಯನ್ನು ತಾವೇ ಮಾಡಿಕೊಳ್ಳುತ್ತವೆ. ಅದು ಯಾರ ತಟ್ಟೆಯಿಂದ ಕಿತ್ತದ್ದೂ ಅಲ್ಲ, ತಟ್ಟೆಯಲ್ಲಿ ಬಿಟ್ಟದ್ದು.

ಎರಡು ಬುಟ್ಟಿಯ ಪ್ರಶ್ನೆ

ಹಾಗಾದರೆ ಊರಿನಲ್ಲಿ ಆಗಬೇಕಾದ್ದೇನು? ಹಸಿ, ಒಣ, ಅಪಾಯಕಾರಿ ಅಂತ ಕಸವನ್ನು ಹುಟ್ಟಿದ ಜಾಗದಲ್ಲೇ ಬೇರ್ಪಡಿಸಬೇಕು ಅಂತ 2016ರ ಘನತ್ಯಾಜ್ಯ ನಿಯಮಗಳೇ ಹೇಳಿದವು. ಕಾನೂನು ಕಾಗದದಲ್ಲಿ ಕುಳಿತಿತು, ಕವರು ಕಸದಲ್ಲಿ ಕುಳಿತಿತು.

ಅಂಗಡಿಯವರಿಗೂ ಒಂದು ದೂರಿದೆ, ಅದು ಸುಳ್ಳಲ್ಲ. ‘ಎರಡು ಬುಟ್ಟಿ ಇಟ್ಟು ಬೇರೆ ಬೇರೆ ಕೊಡ್ತೀವಿ, ಗಾಡಿಯವನು ಎರಡನ್ನೂ ಒಂದೇ ಕಡೆ ಸುರೀತಾನೆ. ಮತ್ಯಾಕೆ ಬೇರೆ ಮಾಡಬೇಕು?’ ಗಾಡಿಯವನನ್ನು ಕೇಳಿದರೆ ಅವನದೂ ಒಂದು ಮಾತು. ‘ನೂರು ಅಂಗಡೀಲಿ ತೊಂಬತ್ತು ಜನ ಬೆರೆಸಿ ಕೊಡ್ತಾರೆ, ಹತ್ತು ಜನಕ್ಕೆ ನಾನೇನು ಬೇರೆ ಗಾಡಿ ತರಲಾ?’ ಇಬ್ಬರದೂ ನ್ಯಾಯವೇ. ಇಬ್ಬರೂ ಒಬ್ಬರ ಮುಖ ಒಬ್ಬರು ನೋಡುತ್ತಾ ನಿಂತರೆ ಗಂಟು ಬಿಚ್ಚುವವರು ಯಾರು?

ಬಿಚ್ಚಬೇಕಾದವರು ಪುರಪಿತೃಗಳು. ಇಡೀ ಊರನ್ನು ಒಂದೇ ದಿನಕ್ಕೆ ತಿದ್ದಲು ಹೊರಟರೆ ಆಗೋ ಮಾತಲ್ಲ. ಶುರುಮಾಡಬೇಕಾದದ್ದು ಹಸಿ ಕಸ ಬಹುಮಟ್ಟಿಗೆ ಬರಿ ಹಸಿ ಕಸವಾಗಿಯೇ ಹುಟ್ಟುವ ಜಾಗದಿಂದ: ತರಕಾರಿ ಮಾರುಕಟ್ಟೆ, ಹೋಟೆಲು, ಕಲ್ಯಾಣ ಮಂಟಪ, ಹಾಸ್ಟೆಲು. ಅಷ್ಟಕ್ಕೆ ಮಾತ್ರ ಪ್ರತ್ಯೇಕ ಗಾಡಿ, ಪ್ರತ್ಯೇಕ ಹೊತ್ತು. ಆ ಗಾಡಿ ಒಣ ಕಸ ಮುಟ್ಟಬಾರದು. ಪುರದಲ್ಲಿ ಇದ್ದ ಹಾಗೆ ಒಂದು ತಕ್ಕಡಿ, ಒಂದು ಪುಸ್ತಕ. ಶುದ್ಧ ಕಸ ಕೊಟ್ಟ ಅಂಗಡಿಗೆ ಕಸದ ಶುಲ್ಕದಲ್ಲಿ ಕಡಿತ, ಬೆರೆಸಿ ಕೊಟ್ಟವರಿಗೆ ದಂಡ. ಮೂರು ತಿಂಗಳು ತೂಕದ ಪುಸ್ತಕ ಸರಿಯಾಗಿ ನಡೆದರೆ ಎಷ್ಟು ದೊಡ್ಡ ಹಂಡೆ ಬೇಕು ಅನ್ನೋದು ಪುಸ್ತಕವೇ ಹೇಳುತ್ತದೆ. ಆಮೇಲೆ ಟೆಂಡರ್ ಕರೆಯಲಿ.

ಟೆಂಡರಿನಲ್ಲೂ ಒಂದು ಎಚ್ಚರ ಬೇಕು. ಹೊತ್ತ ಟನ್ನಿಗೆ ಇಷ್ಟು ಅಂತ ದುಡ್ಡು ಕೊಟ್ಟರೆ ಗುತ್ತಿಗೆದಾರನಿಗೆ ಕಸ ಭಾರ ಆದಷ್ಟೂ ಲಾಭ. ಒಳಗೆ ಮಣ್ಣು ಕಲ್ಲು ಇದ್ದರೂ ಅವನಿಗೆ ಬೇಜಾರಿಲ್ಲ. ಕಟ್ಟಿದ ದಿನವೇ ಪೂರ್ತಿ ಬಿಲ್ಲು ಪಾವತಿಯಾದರೆ ಹಂಡೆ ಮಾರನೇ ದಿನ ಹುಳಿ ಹತ್ತಿದರೂ ಕೇಳುವವರಿಲ್ಲ. ಅನಿಲ ಬಂದಷ್ಟಕ್ಕೆ ದುಡ್ಡು ಅನ್ನುವ ಒಪ್ಪಂದವಾದರೆ ಗುತ್ತಿಗೆದಾರನೇ ಮಾರುಕಟ್ಟೆಗೆ ಬಂದು ‘ಸ್ವಾಮಿ, ಕವರು ಹಾಕಬೇಡಿ’ ಅಂತ ಕೈ ಮುಗಿಯುತ್ತಾನೆ.

ಇಷ್ಟೆಲ್ಲ ಯಾಕೆ, ಮಣ್ಣಿಗೆ ಹಾಕಿ ಮುಚ್ಚಿದರೆ ಆಗೋದಿಲ್ಲವೇ ಅನ್ನುವವರಿಗೆ ಒಂದು ಮಾತು. ಮುಚ್ಚಿದರೂ ಕ್ರಿಮಿಗಳು ಸುಮ್ಮನಿರುವುದಿಲ್ಲ. ಕಸದ ಗುಡ್ಡೆಯ ಒಳಗೆ ಗಾಳಿ ಇಲ್ಲದ ಕಡೆ ಅದೇ ನಾಲ್ಕು ಪಾಳಿ ನಡೆಯುತ್ತದೆ, ಅದೇ ಮೀಥೇನ್ ಹುಟ್ಟುತ್ತದೆ. ಹಿಡಿಯುವವರಿಲ್ಲದೆ ಆಕಾಶಕ್ಕೆ ಹೋಗಿ ಬಿಸಿಲಿನ ಧಗೆ ಹೆಚ್ಚಿಸುತ್ತದೆ. ಕೆಲವೊಮ್ಮೆ ಗುಡ್ಡೆಗೇ ಬೆಂಕಿ ಹತ್ತಿ ದಿನಗಟ್ಟಲೆ ಹೊಗೆ ಏಳುತ್ತದೆ. ಕೆಳಗೆ ಇಳಿಯುವ ಕಪ್ಪು ರಸ ಬಾವಿಯ ನೀರು ಕೆಡಿಸುತ್ತದೆ. ಹಂಡೆಯಲ್ಲಿ ಹಿಡಿದರೆ ಬಸ್ಸಿಗೆ ಉಪಯೋಗ, ಬಿಟ್ಟರೆ ಪಕ್ಕದ ಹಳ್ಳಿಯ ಮಕ್ಕಳ ಕೆಮ್ಮಿಗೆ ಕಾರಣ. ಕ್ರಿಮಿ ಎರಡು ಕಡೆಯೂ ಒಂದೇ ಕೆಲಸ ಮಾಡುತ್ತದೆ. ಅದಕ್ಕೆ ಊರಿನ ಮೇಲೆ ಪ್ರೀತಿಯೂ ಇಲ್ಲ, ದ್ವೇಷವೂ ಇಲ್ಲ.

ಇನ್ನೊಂದು ಲೆಕ್ಕ ಯಾವ ಪುಸ್ತಕದಲ್ಲೂ ಬರೋದಿಲ್ಲ. ಬೆರೆತ ಕಸವನ್ನು ಕಡೆಗೆ ಬೇರೆ ಮಾಡುವ ಕೈ ಪೌರಕಾರ್ಮಿಕರದು. ಒಡೆದ ಗಾಜು, ಚುಚ್ಚಿದ ಸೂಜಿ, ಕೊಳೆತ ಎಂಜಲಿನ ನಡುವೆ ಕೈ ಹಾಕೋದು ಅವರೇ. ಅಂಗಡಿಯಲ್ಲಿ ಎರಡು ನಿಮಿಷದಲ್ಲಿ ಆಗುವ ಕೆಲಸ ಅಲ್ಲಿ ಎರಡು ತಾಸಿನ ನರಕ.

ಹಂಡೆ ಕಟ್ಟಲು ಕೋಟಿ ಬೇಕು, ಅದಕ್ಕೆ ಸರ್ಕಾರದ ಯೋಜನೆಗಳಿವೆ. ಕ್ರಿಮಿಗೆ ಸಂಬಳ ಬೇಡ. ಉಳಿದದ್ದು ಎರಡು ಬುಟ್ಟಿ ಮತ್ತು ಬೆರೆಸದ ಗಾಡಿ. ಬುಟ್ಟಿ ವರ್ತಕರದು, ಗಾಡಿ ಪಾಲಿಕೆಯದು. ಕುಣಿಗಲ್ ತಾಲೂಕಿನ ಒಂದು ಹಳ್ಳಿ ಸಗಣಿ ತೂಗಿ ನಲ್ಲಿಯಲ್ಲಿ ನೀರು ತಂದ ಜಿಲ್ಲೆ ಇದು. ಅದರ ಕೇಂದ್ರ ನಗರ ತನ್ನ ಕಸ ತೂಗಲು ಒಂದು ತಕ್ಕಡಿ ಇಡಲಾರದೇ? ಸಂಬಂಧಪಟ್ಟವರು ಉತ್ತರ ಕೊಡಲಿ. ಭಾಷಣದಲ್ಲಿ ಬೇಡ, ತೂಕದ ಪುಸ್ತಕದಲ್ಲಿ.